ಕುಣಿತದ ಹಿಂದೆ ಕುಳಿತ ಶಿರಾಲಿ

ಕಳೆದ ಮಳೆಗಾಲದ ಒಂದು ಸಂಜೆ ಮಗಳು ಕಥಕ್ ಕ್ಲಾಸಿನಿಂದ ಬಂದವಳೇ ಒದ್ದೆ ಕೊಡೆಯನ್ನು ಮೂಲೆಗೆ ಎಸೆದು, "ಅಮ್ಮಾ, ಈ ಮ್ಯೂಸಿಕ್ಕಿಗೆ ಸಮ್ಮೇ ಸಿಗೋದಿಲ್ಲ. ನನ್ನಿಂದ ಆಗೋದಿಲ್ಲ" ಎಂದು ಸೋಫಾದ ಮೇಲೆ ಕುಸಿದಳು. ವರ್ಷಕ್ಕೊಮ್ಮೆ ನಡೆಯುವ ಅವರ ಕ್ಲಾಸಿನ ಕಾರ್ಯಕ್ರಮಕ್ಕೆ ಈ ಸಲ ಹೊಸದೊಂದು ನೃತ್ಯ ಆರಿಸಿದ್ದರು. 'ಕಲ್ಪನಾ' ಎಂಬ ಹಳೆಯ ಹಿಂದಿ ಸಿನಿಮಾದಲ್ಲಿ ಉದಯ ಶಂಕರ್ ಅವರು ಮಾಡಿದ ಯಂತ್ರ ಮತ್ತು ಕಾರ್ಮಿಕರ ಬ್ಯಾಲೆಯಿಂದ ಪ್ರೇರಣೆ ಪಡೆದದ್ದು. ಅದೇ ಸಿನಿಮಾದ ಸಂಗೀತದ ತುಣುಕಿಗೆ ಹತ್ತು ಹುಡುಗಿಯರು ಹೆಜ್ಜೆ ಹಾಕಬೇಕು.

ಕಥಕ್ ಕಲಿತ ಮಕ್ಕಳಿಗೆ ಹದಿನಾರು ಮಾತ್ರೆಯ ತೀನ್ ತಾಲ ಉಸಿರಿದ್ದ ಹಾಗೆ. ಎಲ್ಲಿ ಸುತ್ತಿದರೂ ಕೊನೆಗೆ ಸಮ್ಮಿನ ಮೇಲೆ ಬಂದು ನಿಲ್ಲಬೇಕು. ಈ ಸಂಗೀತವೋ, ಒಂದು ಲಯ ಹಿಡಿದುಕೊಳ್ಳುವಷ್ಟರಲ್ಲಿ ಇನ್ನೊಂದಕ್ಕೆ ಹಾರುತ್ತಿತ್ತು. ಮಗಳ ಸಿಟ್ಟಿಗೆ ಕಾರಣವಿತ್ತು.

"ಯಾರ ಮ್ಯೂಸಿಕ್ಕು ಅದು?" ಎಂದೆ.

"ರವಿಶಂಕರ್ ಇರ್ಬೇಕು. ಉದಯ ಶಂಕರ್ ತಮ್ಮ ಅಲ್ವಾ? ತಾಯಿಯೂ ಹಾಗೇ ಹೇಳಿದ್ರು."

ಮರಾಠಿಯಲ್ಲಿ 'ತಾಯಿ' ಅಂದರೆ ಅಕ್ಕ. ನೃತ್ಯ ಕಲಿಸುವವರನ್ನು ಇಲ್ಲಿನ ಮಕ್ಕಳು ಹಾಗೆ ಕರೆಯುತ್ತಾರೆ. ಕುಮಟಾದಿಂದ ಹೋದ ವರ್ಷ ನಮ್ಮಲ್ಲಿಗೆ ಬಂದ ನನ್ನ ಅಮ್ಮನಿಗೆ ಇದು ಇನ್ನೂ ಅಭ್ಯಾಸವಾಗಿಲ್ಲ. "ನಿನ್ನ ತಾಯಿ ಇಲ್ಲೇ ಕೂತಿದ್ದಾಳಲ್ಲೇ ಕೂಸೇ, ಮತ್ತೆ ಯಾವ ತಾಯಿ?" ಎಂದು ಮೊಮ್ಮಗಳನ್ನು ಕಾಡಿಸುತ್ತಾಳೆ. ಅಪ್ಪ ಹೋದ ಮೇಲೆ ಒಬ್ಬಳೇ ಇರುವುದು ಬೇಡವೆಂದು ಅವಳನ್ನು ಕರೆದುಕೊಂಡು ಬಂದೆವು. ಮರಾಠಿ ಬಾರದು, ಹಿಂದಿ ಅಷ್ಟಕ್ಕಷ್ಟೇ. ಬಾಲ್ಕನಿಯಲ್ಲಿ ಕೂತು ರಸ್ತೆ ನೋಡುತ್ತ ದಿನ ಕಳೆಯುತ್ತಿದ್ದಳು.

ಆ ರಾತ್ರಿ ಊಟವಾದ ಮೇಲೆ ಮೂವರೂ ಟಿವಿಯಲ್ಲಿ 'ಕಲ್ಪನಾ' ಹಾಕಿಕೊಂಡು ಕೂತೆವು. ಹೆಸರುಗಳು ಒಂದೊಂದಾಗಿ ಬರತೊಡಗಿದವು. ಸಂಗೀತ ಎಂದು ಬಂದಾಗ ನಾನು ತಡೆದು ನಿಲ್ಲಿಸಿದೆ. ರವಿಶಂಕರ್ ಅಲ್ಲ, ವಿಷ್ಣುದಾಸ್ ಶಿರಾಲಿ.

ಅಮ್ಮ ಕನ್ನಡಕ ಸರಿಮಾಡಿಕೊಂಡು, "ಶಿರಾಲಿ ಅಂದ್ರೆ ನಮ್ಮ ಭಟ್ಕಳದ ಹತ್ರದ ಶಿರಾಲಿಯಾ?" ಎಂದಳು.

ಊರೇ ಹೆಸರಾದವರು

ಭಟ್ಕಳದಿಂದ ಮುರ್ಡೇಶ್ವರದ ಕಡೆ ಹೋಗುವ ದಾರಿಯಲ್ಲಿ ಶಿರಾಲಿ ಸಿಗುತ್ತದೆ. ಚಿತ್ರಾಪುರ ಮಠ ಇರುವ ಊರು. ಅಮ್ಮನ ತವರಿನ ಕಡೆಯವರಿಗೆ ಅದು ಬಸ್ಸಿನ ಕಿಟಕಿಯಿಂದ ದಿನವೂ ಕಾಣುವ ಊರು. ನಮ್ಮ ಕರಾವಳಿಯ ಸಾರಸ್ವತರಲ್ಲಿ ಊರ ಹೆಸರನ್ನೇ ಮನೆತನದ ಹೆಸರಾಗಿ ಇಟ್ಟುಕೊಳ್ಳುವ ರೂಢಿ ಹಳೆಯದು. ಓದಿಗೆ, ನೌಕರಿಗೆ ಮುಂಬೈ, ಕಲ್ಕತ್ತಾ, ಮದರಾಸು ಎಂದು ಹೊರಟವರು ಮನೆ, ತೋಟ, ದೇವಸ್ಥಾನ ಎಲ್ಲ ಬಿಟ್ಟರೂ ಊರಿನ ಹೆಸರೊಂದನ್ನು ಹೆಗಲ ಮೇಲೆ ಹೊತ್ತುಕೊಂಡೇ ಹೋದರು. ಪಡುಕೋಣೆ, ಬೆನಗಲ್, ಕಾರ್ನಾಡ್, ಶಿರಾಲಿ. ಅವರ ಮೊಮ್ಮಕ್ಕಳು ಆ ಊರನ್ನು ನೋಡಿರಲಿಕ್ಕಿಲ್ಲ, ಆದರೆ ಹೆಸರು ಬರೆಯುವಾಗಲೆಲ್ಲ ಊರನ್ನು ಬರೆಯುತ್ತಾರೆ.

ಪುಣೆಯ ಕನ್ನಡಿಗರಾದ ನಮಗೆ ಹೆಮ್ಮೆಪಡಲು ಹೆಸರುಗಳಿಗೆ ಕೊರತೆಯಿಲ್ಲ. ಗದಗದ ಭೀಮಸೇನ ಜೋಶಿಯವರು ಇಲ್ಲೇ ನೆಲೆಸಿದರು. ಕುಂದಗೋಳದ ತಮ್ಮ ಗುರು ಸವಾಯಿ ಗಂಧರ್ವರ ನೆನಪಿನಲ್ಲಿ 1953ರಿಂದ ನಡೆದು ಬಂದ ಉತ್ಸವವನ್ನು ಬೆಳೆಸಿದರು. ಡಿಸೆಂಬರ್ ಬಂತೆಂದರೆ ನಾವೆಲ್ಲ ಅಲ್ಲಿ ಹಾಜರು. ಆದರೆ ವಿಷ್ಣುದಾಸ್ ಶಿರಾಲಿ ಎಂಬ ಹೆಸರನ್ನು ಪುಣೆಯಲ್ಲಿ ಹತ್ತೊಂಬತ್ತು ವರ್ಷ ಇದ್ದೂ ನಾನು ಕೇಳಿರಲಿಲ್ಲ. ಆ ರಾತ್ರಿಯ ನಂತರ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ, ಸಿಕ್ಕಿದ್ದನ್ನೆಲ್ಲ ಕೇಳತೊಡಗಿದೆ.

ಪ್ಯಾರಿಸ್‌ನ ರಂಗದ ಮೇಲೆ

ಶಿರಾಲಿಯವರು ವಿಷ್ಣು ದಿಗಂಬರ ಪಲುಸ್ಕರ್ ಅವರ ಗಂಧರ್ವ ಮಹಾವಿದ್ಯಾಲಯದಲ್ಲಿ ಕಲಿತವರು. ಅಂದರೆ ಅಪ್ಪಟ ಶಾಸ್ತ್ರೀಯ ತಾಲೀಮು. ಹಾಡುತ್ತಿದ್ದರು, ಸಿತಾರ್ ನುಡಿಸುತ್ತಿದ್ದರು, ತಬಲಾ ತರಂಗ್‌ನಲ್ಲಿ ಅವರದ್ದು ವಿಶೇಷ ಕೈ. ಬೇರೆಬೇರೆ ಸ್ವರಕ್ಕೆ ಶ್ರುತಿ ಮಾಡಿದ ಹತ್ತಾರು ತಬಲಾಗಳನ್ನು ಅರ್ಧಚಂದ್ರಾಕಾರವಾಗಿ ಇಟ್ಟುಕೊಂಡು, ತಾಳದ ವಾದ್ಯದ ಮೇಲೆ ರಾಗ ನುಡಿಸುವುದು ಅದು.

ಉದಯ ಶಂಕರ್ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. 1900ರಲ್ಲಿ ಉದಯಪುರದಲ್ಲಿ ಹುಟ್ಟಿದ ಬಂಗಾಳಿ ಹುಡುಗ. ಚಿತ್ರಕಲೆ ಕಲಿಯಲು ಲಂಡನ್ನಿಗೆ ಹೋದವರು. 1923ರಲ್ಲಿ ರಷ್ಯಾದ ಬ್ಯಾಲೆ ತಾರೆ ಆನಾ ಪಾವ್ಲೋವಾ ಅವರ ಜೊತೆ ರಾಧಾಕೃಷ್ಣರ ನೃತ್ಯದಲ್ಲಿ ಕೃಷ್ಣನಾದರು. ನಂತರ ಸ್ವಿಸ್ ಶಿಲ್ಪಿ ಆಲಿಸ್ ಬೋನರ್ ಅವರ ನೆರವಿನಿಂದ ಭಾರತಕ್ಕೆ ಬಂದು ತಮ್ಮದೇ ತಂಡ ಕಟ್ಟಿದರು. ತಮ್ಮಂದಿರು, ಬಂಧುಗಳು, ಸಿಮ್ಕಿ ಎಂಬ ಫ್ರೆಂಚ್ ನರ್ತಕಿ, ಸಂಗೀತಕ್ಕೆ ಸರೋದ್ ವಾದಕ ತಿಮಿರ್ ಬರನ್, ಅವರ ಜೊತೆಗೆ ನಮ್ಮ ಶಿರಾಲಿ. 1931ರ ಮಾರ್ಚ್‌ನಲ್ಲಿ ಪ್ಯಾರಿಸ್‌ನಲ್ಲಿ ಮೊದಲ ಪ್ರದರ್ಶನ. ಆಗ ತಂಡದಲ್ಲಿದ್ದ ರವಿಶಂಕರ್‌ಗೆ ಹನ್ನೊಂದು ವರ್ಷವೂ ತುಂಬಿರಲಿಲ್ಲ. ಮುಂದೆ ಲೋಕವೆಲ್ಲ ಸಿತಾರ್‌ನಿಂದ ಗುರುತಿಸಿದ ಆ ಹುಡುಗ ಆಗ ಕುಣಿಯುತ್ತಿದ್ದ.

ತಿಮಿರ್ ಬರನ್ ತಂಡ ಬಿಟ್ಟ ಮೇಲೆ ಸಂಗೀತದ ಹೊಣೆ ಶಿರಾಲಿಯವರ ಹೆಗಲಿಗೆ ಬಂತು. ಯುರೋಪ್, ಅಮೆರಿಕ ಎಂದು ಊರೂರು ಸುತ್ತಾಟ. 1937ರಲ್ಲಿ ಅಮೆರಿಕಕ್ಕೆ ಹೋದಾಗ ಅಲ್ಲಿನ ವಿಕ್ಟರ್ ಕಂಪನಿಯವರು ತಂಡದ ಸಂಗೀತವನ್ನು ಮುದ್ರಿಸಿಕೊಂಡರು. ಇಂದ್ರ, ಗಂಧರ್ವ, ಕಾರ್ತಿಕೇಯ, ತಾಂಡವ ಇವೆಲ್ಲ ಆ ತಟ್ಟೆಗಳಲ್ಲಿವೆ. 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಿಗೆ ಮೂರು, ಮೂರೂವರೆ ನಿಮಿಷವಷ್ಟೇ ಹಿಡಿಸುತ್ತಿದ್ದದ್ದು. ಅಷ್ಟರಲ್ಲೇ ಎಲ್ಲ ಹೇಳಿ ಮುಗಿಯಬೇಕು.

ಕಛೇರಿಯ ಸಂಗೀತಕ್ಕೂ ಇದಕ್ಕೂ ಇರುವ ವ್ಯತ್ಯಾಸ ನನಗೆ ಆಗ ಹೊಳೆಯಿತು. ಕಛೇರಿಯಲ್ಲಿ ರಾಗ ತನ್ನ ಪಾಡಿಗೆ ಬೆಳೆಯುತ್ತದೆ. ಭೀಮಸೇನರು ಒಂದು ಸ್ವರದ ಮೇಲೆ ನಿಂತರೆ ನಾವೂ ನಿಲ್ಲುತ್ತೇವೆ, ಯಾರಿಗೂ ಅವಸರವಿಲ್ಲ. ಬ್ಯಾಲೆಯಲ್ಲಿ ಹಾಗಲ್ಲ. ಉದಯ ಶಂಕರ್ ಅವರ ಪದ್ಧತಿಯಲ್ಲಿ ಬಹುಮಟ್ಟಿಗೆ ಮೊದಲು ಚಲನೆ ಹುಟ್ಟುತ್ತಿತ್ತು, ಆಮೇಲೆ ಅದಕ್ಕೆ ಸಂಗೀತ. ಕೈ ಇಷ್ಟು ಹೊತ್ತು ಏಳುತ್ತದೆ, ಇಲ್ಲಿ ಕತ್ತು ತಿರುಗುತ್ತದೆ, ಇಲ್ಲಿ ಆರು ಜನ ಒಳಗೆ ಬರುತ್ತಾರೆ. ಸಂಗೀತ ಅದನ್ನೆಲ್ಲ ನೋಡಿಕೊಂಡು ಹೆಣೆಯಬೇಕು. ದರ್ಜಿ ಮೈ ಅಳತೆಗೆ ಬಟ್ಟೆ ಹೊಲಿದ ಹಾಗೆ. ಅದೂ ಪಿಯಾನೊ, ಹಾರ್ಮೋನಿಯಂಗಳ ಆಸರೆಯಿಲ್ಲದೆ, ನಮ್ಮ ಸರೋದ್, ಸಿತಾರ್, ಕೊಳಲು, ಮೃದಂಗ, ತಬಲಾ, ಗಂಟೆ, ಜಾಗಟೆಗಳನ್ನೇ ಒಟ್ಟುಗೂಡಿಸಿ.

ಮಗಳನ್ನು ಕರೆದು ಹೇಳಿದೆ: "ಪುಟ್ಟಾ, ನೀನು ಸಮ್ ಹುಡುಕ್ತಾ ಇದ್ದೀಯ. ಈ ಸಂಗೀತ ಮಾಡಿದವರು ಮೈ ನೋಡಿ ಮಾಡಿದ್ದಾರೆ. ಕಿವಿಯಲ್ಲಿ ಎಣಿಸಬೇಡ, ಸಿನಿಮಾದಲ್ಲಿ ಅವರ ಭುಜ ನೋಡು." ನನಗೆ ನೃತ್ಯದ ಗಂಧಗಾಳಿ ಇಲ್ಲ, ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡುವವಳು. ಆದರೂ ಹೇಳಿದೆ. ಅವಳು ಮುಖ ಗಂಟಿಕ್ಕಿಕೊಂಡೇ ಹೋಗಿ ಆ ದೃಶ್ಯವನ್ನು ಮತ್ತೆ ಮತ್ತೆ ಹಾಕಿಕೊಂಡು ನೋಡಿದಳು.

ಅಲ್ಮೋರಾದಿಂದ ಪುಣೆಗೆ

ಉದಯ ಶಂಕರ್ ವಿದೇಶದ ಸುತ್ತಾಟ ನಿಲ್ಲಿಸಿ ಹಿಮಾಲಯದ ಅಲ್ಮೋರಾದಲ್ಲಿ ಕಲಾಕೇಂದ್ರ ತೆರೆದರು. ಕಥಕ್ಕಳಿಗೆ ಶಂಕರನ್ ನಂಬೂದಿರಿ, ಭರತನಾಟ್ಯಕ್ಕೆ ಕಂದಪ್ಪ ಪಿಳ್ಳೈ, ಮಣಿಪುರಿಗೆ ಅಮೋಬಿ ಸಿಂಗ್, ಸಂಗೀತಕ್ಕೆ ಸ್ವತಃ ಉಸ್ತಾದ್ ಅಲ್ಲಾವುದ್ದೀನ್ ಖಾನ್. ಶಿರಾಲಿಯವರೂ ಅಲ್ಲಿದ್ದರು. ಎರಡನೇ ಮಹಾಯುದ್ಧದ ದಿನಗಳು, ಹಣದ ಮುಗ್ಗಟ್ಟು. 1944ರಲ್ಲಿ ಕೇಂದ್ರ ಮುಚ್ಚಿಹೋಯಿತು. ಆದರೆ ಅಷ್ಟರೊಳಗೆ ಅಲ್ಲಿದ್ದು ಹೊರಟವರು ಜೊಹ್ರಾ ಸೆಹಗಲ್, ಶಾಂತಿ ಬರ್ಧನ್, ಸಚಿನ್ ಶಂಕರ್, ನರೇಂದ್ರ ಶರ್ಮಾರಂಥವರು. ಅವರ ಜೊತೆ ಬೆಂಗಳೂರಿನಲ್ಲಿ ಹುಟ್ಟಿ ಕಲ್ಕತ್ತಾದಲ್ಲಿ ಬೆಳೆದ ಒಬ್ಬ ತೆಳ್ಳಗಿನ ಹುಡುಗನೂ ಇದ್ದ. ಹೆಸರು ಗುರುದತ್ತ ಶಿವಶಂಕರ ಪಡುಕೋಣೆ.

ಹೌದು, ನಮ್ಮ ಗುರುದತ್. ಅಲ್ಮೋರಾ ಮುಚ್ಚಿದ ಅದೇ 1944ರಲ್ಲಿ ಆತ ಬಂದು ಸೇರಿದ್ದು ಪುಣೆಯ ಪ್ರಭಾತ್ ಫಿಲ್ಮ್ ಕಂಪನಿಗೆ. 1946ರ 'ಹಮ್ ಏಕ್ ಹೈಂ' ಚಿತ್ರಕ್ಕೆ ನೃತ್ಯ ಸಂಯೋಜಿಸಿದ್ದು ಆತನೇ. ದೇವ್ ಆನಂದ್ ಜೊತೆ ಗೆಳೆತನವಾದದ್ದೂ ಆ ದಿನಗಳಲ್ಲಿ. ಪ್ರಭಾತ್‌ನ ಆ ಸ್ಟುಡಿಯೋ ಜಾಗದಲ್ಲೇ 1960ರಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಶುರುವಾಯಿತು. ಮುಂದೆ ಗಿರೀಶ ಕಾರ್ನಾಡರು ಅದರ ನಿರ್ದೇಶಕರಾದರು, ಶ್ಯಾಮ್ ಬೆನಗಲ್ ಅಧ್ಯಕ್ಷರಾದರು. ಪಡುಕೋಣೆ, ಕಾರ್ನಾಡು, ಬೆನಗಲ್! ಕರಾವಳಿಯ ಮೂರು ಹಳ್ಳಿಗಳು ಲಾ ಕಾಲೇಜ್ ರಸ್ತೆಯ ಒಂದೇ ಆವರಣದಲ್ಲಿ ಓಡಾಡಿವೆ. ನಾನು ಇದನ್ನು ಹೇಳುತ್ತಿದ್ದರೆ ಅಮ್ಮ, "ಹಾಗಾದ್ರೆ ಶಿರಾಲಿಯವರು ಮಾತ್ರ ಇಲ್ಲಿಗೆ ಬರಲಿಲ್ವಾ?" ಎಂದು ಕೇಳಿದಳು.

ಬಂದರು, ಬೇರೆ ರೀತಿಯಲ್ಲಿ.

ಡಬ್ಬಿಯೊಳಗೆ ಉಳಿದ ಸಂಗೀತ

ಅಲ್ಮೋರಾ ಮುಚ್ಚಿದ ಮೇಲೆ ಉದಯ ಶಂಕರ್ ತಮ್ಮ ಕನಸನ್ನು ಸಿನಿಮಾ ಮಾಡಲು ಹೊರಟರು. ಮದರಾಸಿನ ಜೆಮಿನಿ ಸ್ಟುಡಿಯೋದಲ್ಲಿ ತಯಾರಾದ 'ಕಲ್ಪನಾ' 1948ರಲ್ಲಿ ಬಿಡುಗಡೆಯಾಯಿತು. ಲೇಖಕನೊಬ್ಬ ನಿರ್ಮಾಪಕನ ಬಳಿ ಹೋಗಿ ಕಥೆ ಹೇಳುವುದರಿಂದ ಸಿನಿಮಾ ಶುರು. ಆ ನಿರ್ಮಾಪಕನಿಗೆ ಗಲ್ಲಾಪೆಟ್ಟಿಗೆಯೇ ದೇವರು. ಕಥೆಯೊಳಗೆ ಉದಯನ್ ಎಂಬ ನರ್ತಕ, ಅವನ ಕಲಾಕೇಂದ್ರದ ಕನಸು, ಇಬ್ಬರು ಹೆಣ್ಣುಗಳು, ಮತ್ತು ಒಂದರ ಹಿಂದೊಂದು ನೃತ್ಯ. ಎಲ್ಲ ಕೇಳಿದ ನಿರ್ಮಾಪಕ ಕೊನೆಗೆ ಕಥೆ ಬೇಡ ಎನ್ನುತ್ತಾನೆ. ಹೊರಗೂ ಹಾಗೇ ಆಯಿತು, ಸಿನಿಮಾ ದುಡ್ಡು ಮಾಡಲಿಲ್ಲ. ಉದಯ ಶಂಕರ್ ಮತ್ತೆ ಅಂಥ ಸಿನಿಮಾ ಮಾಡಲಿಲ್ಲ.

ಆದರೆ ಸೋತ ಆ ಸಿನಿಮಾದಲ್ಲೇ ಅವರ ನೃತ್ಯವೂ ಶಿರಾಲಿಯವರ ಸಂಗೀತವೂ ಒಟ್ಟಿಗೆ ಉಳಿದುಕೊಂಡಿವೆ. ಇದರ ಬೆಲೆ ತಿಳಿಯಲು ಚೈಕೋವ್‌ಸ್ಕಿಯನ್ನು ನೆನೆಸಿಕೊಳ್ಳಬೇಕು. ಅವರ 'ಸ್ವಾನ್ ಲೇಕ್' 1877ರಲ್ಲಿ ಮಾಸ್ಕೋದಲ್ಲಿ ಮೊದಲು ರಂಗಕ್ಕೆ ಬಂದಾಗ ಮೆಚ್ಚುಗೆ ಸಿಗಲಿಲ್ಲ. ಇಂದು ಜಗತ್ತು ನೋಡುವ ರೂಪಗಳಿಗೆ ತಳಹದಿಯಾದ ನೃತ್ಯ ಸಿದ್ಧವಾದದ್ದು 1895ರಲ್ಲಿ, ಸಂಗೀತಗಾರ ತೀರಿಕೊಂಡು ಒಂದು ವರ್ಷ ದಾಟಿದ ಮೇಲೆ. ಹದಿನೆಂಟು ವರ್ಷ ಆ ಸಂಗೀತ ತನ್ನ ನೃತ್ಯಕ್ಕಾಗಿ ಕಾಯಿತು. ಕಾಯಲು ಸಾಧ್ಯವಾದದ್ದು ಅದು ಕಾಗದದ ಮೇಲೆ ಇದ್ದದ್ದರಿಂದ. ನಮ್ಮಲ್ಲಿ ಅಂಥ ಸಂಗೀತ ಹೆಚ್ಚಾಗಿ ಇರುತ್ತಿದ್ದದ್ದು ನುಡಿಸುವವರ ಕೈಯಲ್ಲಿ, ಕಲಿಸುವವರ ನೆನಪಿನಲ್ಲಿ. ತಂಡ ಚದುರಿದರೆ ಸಂಗೀತವೂ ಚದುರಿತು. ಕಲ್ಪನಾದಲ್ಲಿ ಅದು ಫಿಲ್ಮಿನ ಅಂಚಿನ ಸಣ್ಣ ಪಟ್ಟಿಯಲ್ಲಿ, ಬೆಳಕು ಹಾಯ್ದರೆ ದನಿಯಾಗುವ ಗೆರೆಗಳಾಗಿ ನಿಂತಿತು.

ಫಿಲ್ಮೂ ಅಮರವಲ್ಲ. ಹಳೆಯ ಕಾಲದ ನೈಟ್ರೇಟ್ ಫಿಲ್ಮು ಒಣ ತೆಂಗಿನಗರಿಯಂತೆ ಹೊತ್ತಿಕೊಳ್ಳುತ್ತದೆ. 2003ರ ಜನವರಿ 8ರಂದು ಇಲ್ಲೇ ಪುಣೆಯಲ್ಲಿ, ಫಿಲ್ಮ್ ಇನ್‌ಸ್ಟಿಟ್ಯೂಟ್ ಆವರಣದ ನೈಟ್ರೇಟ್ ಕೋಠಿಗೆ ಬೆಂಕಿ ಬಿದ್ದು ಎಷ್ಟೋ ಹಳೆಯ ಚಿತ್ರಗಳ ಸುರುಳಿಗಳು ಬೂದಿಯಾದವು. ಪ್ರಭಾತ್‌ನವರ ಮೂಲ ಸುರುಳಿಗಳೂ ಅದರಲ್ಲಿದ್ದವು.

ಕಲ್ಪನಾ ಉಳಿಯಿತು. 1964ರಲ್ಲಿ ಪುಣೆಯಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಅದರ ಪ್ರತಿಗಳಿದ್ದವು. ಹಾಲಿವುಡ್ ನಿರ್ದೇಶಕ ಮಾರ್ಟಿನ್ ಸ್ಕೋರ್ಸೆಸಿ ಅವರ ವರ್ಲ್ಡ್ ಸಿನಿಮಾ ಫೌಂಡೇಶನ್ ಇಲ್ಲಿನ ಸಾಮಗ್ರಿಯನ್ನೇ ಬಳಸಿ ಇಟಲಿಯ ಬೊಲೋನ್ಯಾದಲ್ಲಿ ಚಿತ್ರವನ್ನು ಶುಚಿಗೊಳಿಸಿ ಮರಳಿ ಕಟ್ಟಿಸಿತು. 2012ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಅದು ತೆರೆಕಂಡಾಗ ಉದಯ ಶಂಕರ್ ಅವರ ಪತ್ನಿ, ಚಿತ್ರದ ನಾಯಕಿ ಅಮಲಾ ಶಂಕರ್, ತೊಂಬತ್ತು ದಾಟಿದ ವಯಸ್ಸಿನಲ್ಲಿ ಅಲ್ಲಿಗೆ ಹೋಗಿದ್ದರು. ನಾವು ಮನೆಯಲ್ಲಿ ಕೂತು ನೋಡಿದ ಚಿತ್ರದ ಹಿಂದೆ ಇಷ್ಟೆಲ್ಲ ಇತ್ತು.

ನಾನು ವಾರದಲ್ಲಿ ಐದು ದಿನ ಆ ಸಂಗ್ರಹಾಲಯದ ಗೇಟಿನ ಮುಂದೆ ಸ್ಕೂಟರ್‌ನಲ್ಲಿ ಹಾದುಹೋಗುತ್ತೇನೆ. ಒಳಗೆ ನಮ್ಮ ಕಡೆಯ ಹೆಸರೊಂದು ಡಬ್ಬಿಯೊಳಗೆ ಇತ್ತೆಂದು ತಿಳಿದಿರಲಿಲ್ಲ.

ಸಿನಿಮಾಕ್ಕೂ ಮೊದಲು

ಶಿರಾಲಿಯವರು ಆಮೇಲೆ ಮುಂಬೈನ ಫಿಲ್ಮ್ಸ್ ಡಿವಿಷನ್‌ನಲ್ಲಿ ಸಂಗೀತ ನಿರ್ದೇಶಕರಾಗಿ ಕೆಲಸ ಮಾಡಿದರು ಎಂದು ಓದಿ ಹೇಳಿದಾಗ ಅಮ್ಮ ಥಟ್ಟನೆ, "ಅಂದ್ರೆ ನಾನು ಕೇಳಿದ್ದೇನೆ!" ಎಂದಳು. ಹಿಂದೆ ಥಿಯೇಟರಿನಲ್ಲಿ ಸಿನಿಮಾಕ್ಕೆ ಮೊದಲು ಸರ್ಕಾರಿ ಸಾಕ್ಷ್ಯಚಿತ್ರ ತೋರಿಸುವುದು ಕಡ್ಡಾಯವಿತ್ತಲ್ಲ. ಅಣೆಕಟ್ಟು, ಗೋಧಿ ಬೆಳೆ, ಗುಡ್ಡಗಾಡಿನ ಕುಣಿತ, ಗುಡಿಯ ಶಿಲ್ಪ. ಗಂಡಸರೆಲ್ಲ ಬೀಡಿ ಸೇದಲು ಎದ್ದು ಹೋಗುತ್ತಿದ್ದರಂತೆ. "ನಾವು ಹೆಂಗಸರು ಎಲ್ಲಿಗೆ ಹೋಗೋದು? ಕೂತು ನೋಡ್ತಿದ್ವಿ. ಪೀಪಿ, ಡೋಲು ಚಂದ ಇರ್ತಿತ್ತು" ಎಂದಳು. ಅಮ್ಮ ಕುಮಟಾದಲ್ಲಿ ಕೇಳಿದ್ದು ಶಿರಾಲಿಯವರದ್ದೇ ಎಂದು ನಾನು ಸಾಧಿಸಲಾರೆ. ಅವಳು ಮಾತ್ರ ಆ ದಿನದಿಂದ ಅವರನ್ನು ಹಳೆಯ ಪರಿಚಯದವರಂತೆ 'ಶಿರಾಲಿಯವರು' ಎನ್ನುತ್ತಾಳೆ.

ಹೀಗೆ ಹೆಸರಿಲ್ಲದೆ ನಮ್ಮ ಕಿವಿಗೆ ಬಿದ್ದ ಸಂಗೀತ ಎಷ್ಟಿದೆಯೋ. ನೃತ್ಯದ ವಿಷಯದಲ್ಲಿ ಇದು ಇನ್ನೂ ಹೆಚ್ಚು. ಕಣ್ಣಿಗೆ ಕಾಣುವವರು ಕುಣಿಯುವವರು. ನಮ್ಮ ಯಕ್ಷಗಾನದಲ್ಲಿ ಭಾಗವತರು ರಂಗದ ಮೇಲೇ ಕೂರುತ್ತಾರೆ, ಅವರಿಲ್ಲದೆ ಆಟವೇ ಇಲ್ಲ ಎಂದು ಮಕ್ಕಳಿಗೂ ಗೊತ್ತು. ಶಿವರಾಮ ಕಾರಂತರು ಯಕ್ಷಗಾನ ಬ್ಯಾಲೆ ಕಟ್ಟಿದಾಗ ಮಾತನ್ನು ಕೈಬಿಟ್ಟು ಎಲ್ಲ ಭಾರವನ್ನೂ ಹಾಡು ಮತ್ತು ಕುಣಿತದ ಮೇಲೆ ಹಾಕಿದರು, ಪಿಟೀಲು, ಸ್ಯಾಕ್ಸೊಫೋನ್ ತಂದು ಹಿಮ್ಮೇಳಕ್ಕೆ ಸೇರಿಸಿದರು. ಹಿಮ್ಮೇಳ ಎಂಬ ಮಾತಿನಲ್ಲಿ ಹಿಂದೆ ಕೂತವರಿಗೆ ಒಂದು ಜಾಗ ಇದೆ. ಧ್ವನಿಮುದ್ರಿತ ಸಂಗೀತಕ್ಕೆ ಕುಣಿಯುವ ನಮ್ಮ ಮಕ್ಕಳಿಗೆ ಹಿಂದೆ ಕೂತವರು ಕಾಣುವುದೇ ಇಲ್ಲ.

ಒಂದು ಸಾಲು

ಕಾರ್ಯಕ್ರಮಕ್ಕೆ ಹತ್ತು ದಿನ ಇರುವಾಗ ಆಮಂತ್ರಣದ ಕರಡು ವಾಟ್ಸ್ಯಾಪಿನಲ್ಲಿ ಬಂತು. ನೃತ್ಯದ ಪ್ರೇರಣೆ ಉದಯ ಶಂಕರ್ ಎಂದಿತ್ತು. ಬೆಳಕು, ಉಡುಪು, ಮೇಕಪ್ ಎಲ್ಲರ ಹೆಸರಿತ್ತು. ಸಂಗೀತ ಎಂಬಲ್ಲಿ 'ಧ್ವನಿಮುದ್ರಿತ' ಎಂದಷ್ಟೇ ಇತ್ತು.

ಹೇಳಲೋ ಬೇಡವೋ ಎಂದು ಎರಡು ದಿನ ಸುಮ್ಮನಿದ್ದೆ. ಪರಊರಿನಲ್ಲಿ ಇರುವವರಿಗೆ ಈ ಹಿಂಜರಿಕೆ ಗೊತ್ತಿರುತ್ತದೆ. ಎಲ್ಲದಕ್ಕೂ 'ಇದು ನಮ್ಮವರದ್ದು' ಎನ್ನುವ ಜನ ಎಂದುಕೊಂಡಾರು ಎಂಬ ಅಳುಕು. ಕೊನೆಗೆ ಮಗಳೇ ಕ್ಲಾಸಿನಲ್ಲಿ ಹೇಳಿದಳಂತೆ. "ತಾಯಿ, ಇದು ರವಿಶಂಕರ್ ಅಲ್ಲ, ವಿಷ್ಣುದಾಸ್ ಶಿರಾಲಿ. ನಮ್ಮ ಅಜ್ಜಿಯ ಊರಿನ ಹತ್ತಿರದ ಹೆಸರು." ಅವರು ಅಲ್ಲೇ ಫೋನಿನಲ್ಲಿ ಸಿನಿಮಾದ ಹೆಸರುಗಳನ್ನು ನೋಡಿ, "ಅಯ್ಯೋ, ಇಷ್ಟು ವರ್ಷ ತಪ್ಪು ತಿಳಿದಿದ್ದೆನಲ್ಲ" ಎಂದು ಒಪ್ಪಿಕೊಂಡರಂತೆ.

ಮರುದಿನ ತಿದ್ದಿದ ಆಮಂತ್ರಣ ಬಂತು. ಮರಾಠಿಯಲ್ಲಿ 'ಸಂಗೀತ: ವಿಷ್ಣುದಾಸ ಶಿರಾಳಿ' ಎಂದಿತ್ತು. ಲಕಾರದ ಜಾಗದಲ್ಲಿ ಳಕಾರ! ಶಿರಾಲಿ ಹೋಗಿ ಶಿರಾಳಿ ಆಗಿದ್ದರು. ನಾನು ನಕ್ಕೆ. ಅಮ್ಮನಿಗೆ ಓದಿ ಹೇಳಿದೆ. ಅವಳು ಸ್ವಲ್ಪ ಯೋಚಿಸಿ, "ಇರಲಿ ಬಿಡು, ಇವರ ಬಾಯಿಗೆ ಹಾಗೆ ಬರ್ತದೆ. ಹೆಸರು ಬಂತಲ್ಲ" ಎಂದಳು.

ಕಾರ್ಯಕ್ರಮದ ದಿನ ಅಮ್ಮ ಇಳಕಲ್ ಸೀರೆ ಉಟ್ಟು ಎರಡನೇ ಸಾಲಿನಲ್ಲಿ ಕೂತಳು. ಹತ್ತು ಹುಡುಗಿಯರು ಸಾಲಾಗಿ ನಿಂತರು. ಕೈಗಳು ಏಳುತ್ತ ಇಳಿಯುತ್ತ ಗಾಲಿಗಳಾದವು, ಭುಜಗಳು ಯಂತ್ರದ ಸನ್ನೆಗಳಾದವು. ಎಪ್ಪತ್ತು ವರ್ಷ ದಾಟಿದ ದನಿ, ಸ್ವಲ್ಪ ತೆಳುವಾಗಿ, ಸ್ವಲ್ಪ ಗೊರಗೊರ ಎನ್ನುತ್ತ, ಸ್ಪೀಕರಿನಿಂದ ಬರುತ್ತಿತ್ತು. ಲಯ ಬದಲಾಗುವ ಆ ಕಷ್ಟದ ಜಾಗ ಬಂತು. ಮಗಳು ಎಣಿಸುತ್ತಿರಲಿಲ್ಲ, ಅವಳ ತುಟಿ ಅಲ್ಲಾಡುತ್ತಿರಲಿಲ್ಲ. ಪಕ್ಕದವಳ ಭುಜ ನೋಡಿದಳು, ತಿರುಗಿದಳು. ಸರಿಯಾಗಿ ಬಿತ್ತು.

ಮುಗಿದ ಮೇಲೆ ನಿರೂಪಕಿ ಹೆಸರುಗಳನ್ನು ಓದಿದರು. ಸಂಗೀತಗಾರರ ಹೆಸರು ಬಂದಾಗ ಸಭಾಂಗಣದಲ್ಲಿ ಎಲ್ಲರಿಗೂ ಹೊಡೆದಷ್ಟೇ ಚಪ್ಪಾಳೆ. ನನ್ನ ಪಕ್ಕದಿಂದ ಮಾತ್ರ ಅದು ಸ್ವಲ್ಪ ಹೆಚ್ಚು ಹೊತ್ತು ಕೇಳಿಸಿತು.

ಹೊರಗೆ ಬಂದಾಗ ಮಳೆ ನಿಂತಿತ್ತು. ರಿಕ್ಷಾ ಲಾ ಕಾಲೇಜ್ ರಸ್ತೆಯಲ್ಲಿ ತಿರುಗಿದಾಗ ಸಂಗ್ರಹಾಲಯದ ಗೇಟು ತೋರಿಸಿ, "ಅಮ್ಮಾ, ಇದೇ ಆ ಜಾಗ" ಎಂದೆ. ಅಮ್ಮ ಕತ್ತು ಹೊರಗೆ ಹಾಕಿ, ಗೇಟು ಮರೆಯಾಗುವ ತನಕ ನೋಡಿದಳು. ಬಸ್ಸಿನ ಕಿಟಕಿಯಿಂದ ಶಿರಾಲಿಯನ್ನು ನೋಡುತ್ತಿದ್ದಾಗಲೂ ಹೀಗೇ ನೋಡುತ್ತಿದ್ದಳೇನೋ.